ಹೊಯ್ಸಳರ ಕಾಲದ ಕರಾವಳಿಯಲ್ಲಿ ಒಬ್ಬ ಯೆಹೂದ್ಯ ವರ್ತಕ

ಹೊಯ್ಸಳರ ಇತಿಹಾಸವನ್ನು ಬರೆಯುವವರಿಗೆ ಬೇಲೂರು, ಹಳೆಯಬೀಡು, ಅರಸೀಕೆರೆ ಈ ಮೂರು ಸ್ಥಳಗಳ ಶಾಸನಗಳೇ ಪ್ರಧಾನವಾದ ಆಧಾರಗಳು. ಶಕವರ್ಷ ೧೦೩೯, ಎಂದರೆ ಕ್ರಿ. ಶ. ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದುದೂ, ಜಿನಭಕ್ತೆಯಾದ ಪಟ್ಟಮಹಿಷಿ ಶಾಂತಲದೇವಿಯು ೧೧೨೩ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿಯನ್ನು ಕಟ್ಟಿಸಿದುದೂ, ದಂಡನಾಯಕ ಗಂಗರಾಜನ ಸ್ಮರಣಾರ್ಥವಾಗಿ ಅವನ ಮಗ ಬೊಪ್ಪನು ೧೧೩೩ರಲ್ಲಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ನಿರ್ಮಿಸಿದುದೂ ಈ ಶಾಸನಗಳ ಬಲದಿಂದಲೇ ತಿಳಿದುಬಂದಿವೆ. ಅರಸೀಕೆರೆಯಲ್ಲಿ ೧೨೨೦ರಲ್ಲಿ ರೇಚರಸನು ಸಹಸ್ರಕೂಟ ಜಿನಾಲಯವನ್ನು ಮಾಡಿಸಿದನು. ಅದೇ ಊರಿನ ಈಶ್ವರ ದೇವಾಲಯವೂ ಸರಿಸುಮಾರು ಅದೇ ಕಾಲದ್ದು. ಶೈವರು, ವೈಷ್ಣವರು, ಜೈನರು ಒಂದೇ ಪಟ್ಟಣದಲ್ಲಿ ತಮ್ಮ ತಮ್ಮ ಮತದ ಹೆಸರನ್ನು ಹೇಳಿಕೊಂಡು, ಅರಸನ ಆಶ್ರಯದಲ್ಲಿ ಸಭೆಯ ಸಮಕ್ಷಮದಲ್ಲಿ ದಾನ ಮಾಡುತ್ತಿದ್ದರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ.

ಆದರೆ ಶಾಸನವೆಂಬುದು ಕೊಟ್ಟವರ ಚರಿತ್ರೆ. ಭೂಮಿಯನ್ನಾಗಲಿ ಹೊನ್ನನ್ನಾಗಲಿ ದೇವರಿಗೆ ಬಿಟ್ಟವನ ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ಕೊಂಡವನ, ಮಾರಿದವನ, ಬಂದು ಹದಿನೇಳು ವರ್ಷ ಇದ್ದು ಹೋದವನ ಹೆಸರು ನಿಲ್ಲುವುದಿಲ್ಲ. ಈ ಮಾತಿಗೆ ನಿದರ್ಶನವಾಗಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯನ ವೃತ್ತಾಂತವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ. ಬೇಲೂರಿನ ಗುಡಿಯ ಕಲಶ ಹೊಸದಾಗಿದ್ದ, ಹಳೆಯಬೀಡಿನ ಬಸದಿಯ ಕಂಬಗಳು ಇನ್ನೂ ಕಡೆಯಲ್ಪಡುತ್ತಿದ್ದ ಕಾಲದಲ್ಲಿಯೇ ಈತನು ಮಂಗಳೂರಿನಲ್ಲಿ ಮನೆ ಮಾಡಿಕೊಂಡು ವ್ಯಾಪಾರ ನಡೆಸುತ್ತಿದ್ದನು. ಆ ಪ್ರಾಂತದ ಯಾವ ಶಿಲೆಯೂ ಈತನನ್ನು ಹೆಸರಿಸದು. ಈತನನ್ನು ಉಳಿಸಿದುದು ಈಜಿಪ್ಟ್ ದೇಶದ ಹರಕು ಕಾಗದ.

ಆ ಕಾಗದಗಳು ಉಳಿದ ಬಗೆಯೂ ಕುತೂಹಲಕರವಾಗಿದೆ. ಯೆಹೂದ್ಯರಲ್ಲಿ ದೇವರ ನಾಮವುಳ್ಳ ಬರಹವನ್ನು ನಾಶಮಾಡಬಾರದೆಂಬ ಆಚಾರವುಂಟು. ಸವೆದ ಗ್ರಂಥಗಳನ್ನೂ ಪತ್ರಗಳನ್ನೂ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು. ಆ ಕೋಣೆಗೆ ಗೆನಿಜಾ ಎಂದು ಹೆಸರು. ಹಳೆಯ ಕೈರೋವಿನ ಭಾಗವಾದ ಫುಸ್ತಾತಿನ ಬೆನ್ ಎಜ್ರಾ ಮಂದಿರದ ಗೆನಿಜಾದಲ್ಲಿ ಹೀಗೆ ಶತಮಾನಗಳ ಬರಹಗಳು ರಾಶಿಬಿದ್ದಿದ್ದವು. ಕೇಂಬ್ರಿಜ್ಜಿನ ಪಂಡಿತ ಸಾಲೊಮನ್ ಷೆಕ್ಟರನು ೧೮೯೬-೯೭ರಲ್ಲಿ ಅಲ್ಲಿಗೆ ಹೋಗಿ ಅವುಗಳಲ್ಲಿ ಬಹುಭಾಗವನ್ನು ತನ್ನ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದನು. ಉಳಿದವು ಬೇರೆ ಬೇರೆ ದೇಶಗಳ ಭಂಡಾರಗಳಲ್ಲಿ ಚೆದುರಿಹೋದವು. ಧರ್ಮಗ್ರಂಥಗಳೊಡನೆ ಲೆಕ್ಕದ ಚೀಟಿ, ಮದುವೆಯ ಪತ್ರ, ವರ್ತಕರ ಓಲೆ ಇವೂ ಬೆರೆತಿದ್ದವು. ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸಂಬಂಧಪಟ್ಟ ಪತ್ರಗಳನ್ನು ಆಯ್ದು ಓದಿ ಕೂಡಿಸುವ ಕಾರ್ಯವನ್ನು ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಹಲವು ದಶಕಗಳ ಕಾಲ ನಡೆಸಿದರು. ಅವರು ೧೯೮೫ರಲ್ಲಿ ಕಾಲವಾದ ಮೇಲೆ ಎಂ. ಎ. ಫ್ರೀಡ್‌ಮನ್ ಅವರು ಆ ಕಾರ್ಯವನ್ನು ಮುಂದುವರಿಸಿ ೨೦೦೮ರಲ್ಲಿ ದೊಡ್ಡ ಸಂಪುಟವಾಗಿ ಪ್ರಕಟಿಸಿದರು. ಬೆನ್ ಯಿಜುವಿನ ಪತ್ರಗಳಿಗೆ ಆ ಸಂಗ್ರಹದಲ್ಲಿ ವಿಶೇಷ ಸ್ಥಾನವಿದೆ.

ಈ ಪತ್ರಗಳ ಭಾಷೆ ಅರಬ್ಬಿ. ಲಿಪಿ ಮಾತ್ರ ಹೀಬ್ರೂ. ತುಳುವನ್ನೂ ಕೊಂಕಣಿಯನ್ನೂ ಕನ್ನಡ ಅಕ್ಷರಗಳಲ್ಲಿ ಬರೆದು ಓದುವ ಕರಾವಳಿಯವರಿಗೆ ಇದು ಸೋಜಿಗವೆನಿಸಬೇಕಾಗಿಲ್ಲ. ಮನೆಯ ಮಾತು ಒಂದು, ಮತದ ಅಕ್ಷರ ಒಂದು, ಇವೆರಡೂ ಕೂಡಿದ ಬರಹ ಮತ್ತೊಂದು. ಯೆಹೂದ್ಯ ವರ್ತಕನು ತಾನು ಯಾರೆಂಬುದನ್ನು ಲಿಪಿಯಿಂದಲೇ ತೋರ್ಪಡಿಸುತ್ತಿದ್ದನೆನ್ನಬಹುದು. ಅರಬ್ಬಿ ಭಾಷೆಯಿಂದ ಅವನು ಮುಸಲ್ಮಾನ ವರ್ತಕರ ಜೊತೆಗಾರ. ಹೀಬ್ರೂ ಅಕ್ಷರದಿಂದ ಅವರಿಂದ ಬೇರೆಯಾದವನು.

ಬೆನ್ ಯಿಜುವಿನ ಜನ್ಮಸ್ಥಳ ಆಫ್ರಿಕದ ಉತ್ತರತೀರದಲ್ಲಿ, ಈಗಿನ ಟ್ಯುನೀಸಿಯ ದೇಶದಲ್ಲಿರುವ ಮಹ್ದಿಯಾ ಎಂಬ ರೇವುಪಟ್ಟಣ. ಅಲ್ಲಿಂದ ಪೂರ್ವಾಭಿಮುಖವಾಗಿ ಬಂದು, ಏಡನ್ನಿನಲ್ಲಿ ಮದ್ಮೂನನೆಂಬ ಪ್ರಮುಖನ ವಿಶ್ವಾಸವನ್ನು ಸಂಪಾದಿಸಿ, ಕ್ರಿ. ಶ. ೧೧೩೨ರ ಹೊತ್ತಿಗೆ ಅವನು ಮಂಗಳೂರನ್ನು ಸೇರಿದ್ದನು. ಮದ್ಮೂನನು ಏಡನ್ನಿನ ಯೆಹೂದ್ಯ ಸಮಾಜಕ್ಕೆ ಮುಖಂಡನಾಗಿಯೂ ವರ್ತಕರ ಪ್ರತಿನಿಧಿಯಾಗಿಯೂ ಇದ್ದವನು. ಖಲಫ್ ಬೆನ್ ಇಸಹಾಕ್, ಯೂಸುಫ್ ಬೆನ್ ಅಬ್ರಹಾಂ ಎಂಬ ಇನ್ನಿಬ್ಬರು ಏಡನ್ನಿನ ವರ್ತಕರೂ ಬೆನ್ ಯಿಜುವಿಗೆ ಪಾಲುಗಾರರಾಗಿದ್ದರು. ಈ ಮೂವರು ಬರೆದ ಓಲೆಗಳಿಂದಲೇ ಮಂಗಳೂರಿನಲ್ಲಿದ್ದವನ ದಿನಚರಿಯನ್ನು ಊಹಿಸಬೇಕಾಗಿದೆ. ಪತ್ರಗಳಲ್ಲಿ ಆ ಊರಿನ ಹೆಸರು ಮಂಜರೂರು ಎಂದಿದೆ. ಅದರ ದಕ್ಷಿಣಕ್ಕಿರುವ ಮಲೆಯಾಳದ ರೇವುಗಳೂ ಕಾಣಬರುತ್ತವೆ.

ಅವನ ವ್ಯಾಪಾರದ ಸರಕುಗಳನ್ನು ಗಮನಿಸಿದರೆ ಘಟ್ಟದ ಮೇಲಿನ ನಾಡಿನ ನೆನಪು ತಾನಾಗಿಯೇ ಬರುತ್ತದೆ. ಮೆಣಸು, ಏಲಕ್ಕಿ, ಶುಂಠಿ, ಕೆಂಪಡಕೆ, ಕಬ್ಬಿಣ ಇವು ಇಲ್ಲಿಂದ ಏಡನ್ನಿಗೆ ಹೋಗುತ್ತಿದ್ದವು. ತಾಮ್ರ, ಸೀಸ, ರೇಷ್ಮೆ, ಪಾಷಾಣ ಮೊದಲಾದುವು ಅಲ್ಲಿಂದ ಬರುತ್ತಿದ್ದವು. ಬೆನ್ ಯಿಜುವು ಕೊಂಡು ಮಾರುವವನು ಮಾತ್ರವಲ್ಲ. ಅವನಿಗೆ ಒಂದು ಕಂಚುಗಾರಿಕೆಯ ಕಾರ್ಖಾನೆಯೂ ಇದ್ದಿತು. ಏಡನ್ನಿನ ಸ್ನೇಹಿತರು ಹಳೆಯ ತಾಮ್ರವನ್ನೂ ಒಡೆದ ಪಾತ್ರೆಗಳನ್ನೂ ತೂಕಮಾಡಿ ಕಳುಹಿಸಿ, ಇಂತಿಂತಹ ಅಳತೆಯ ತಟ್ಟೆ, ದೀಪ, ಹೂಜಿಗಳನ್ನು ಮಾಡಿಸಿಕೊಡಬೇಕೆಂದು ಬರೆಯುತ್ತಿದ್ದರು. ಮಂಗಳೂರಿನ ಲೋಹಕಾರರ ಕೈಚಳಕವು ಏಡನ್ನಿನ ಮನೆಗಳಲ್ಲಿ ಮೆಚ್ಚುಗೆ ಪಡೆದಿತ್ತೆಂಬುದು ಇದರಿಂದ ಸ್ಪಷ್ಟ. ಪ್ರತಿಯಾಗಿ ಅವರು ಅವನಿಗೆ ಸಕ್ಕರೆ, ಒಣದ್ರಾಕ್ಷಿ ಇಂಥ ಮನೆಬಳಕೆಯ ಪದಾರ್ಥಗಳನ್ನೂ ಮುಖ್ಯವಾಗಿ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ತಾಳೆಯೋಲೆಯ ಮೇಲೆ ಬರೆಯುವ ನಾಡಿನಲ್ಲಿ ಕಾಗದವು ದುರ್ಲಭವಾಗಿದ್ದುದರಿಂದ ಬೆನ್ ಯಿಜುವು ಬಂದ ಪತ್ರಗಳ ಹಿಂಬದಿಯನ್ನೂ ಬಿಡದೆ ಲೆಕ್ಕ ಬರೆದುಕೊಂಡನು. ಇತಿಹಾಸಕಾರನಿಗೆ ಇದರಿಂದಾದ ಲಾಭ ಸಣ್ಣದಲ್ಲ.

ಆಗ ಮಂಗಳೂರು ಆಳುಪರ ನಾಡಿನಲ್ಲಿತ್ತು. ವಿಷ್ಣುವರ್ಧನನು ತುಳುನಾಡನ್ನು ಜಯಿಸಿದನೆಂದು ಹೊಯ್ಸಳರ ಪ್ರಶಸ್ತಿಗಳು ಹೊಗಳುತ್ತವೆಯಾದರೂ ಆಳುಪ ವಂಶವು ಅಳಿಯದೆ ತನ್ನ ಸ್ಥಾನದಲ್ಲಿಯೇ ಮುಂದುವರಿಯಿತು. ಮೂರನೆಯ ಬಲ್ಲಾಳನ ಕಾಲದಲ್ಲಿ ಎರಡು ಮನೆತನಗಳಿಗೆ ವೈವಾಹಿಕ ಸಂಬಂಧವೂ ಬೆಳೆಯಿತು. ಪ್ರಶಸ್ತಿಯ ಮಾತನ್ನು ಅಕ್ಷರಶಃ ನಂಬುವುದು ತರವಲ್ಲ. ಆದರೂ ದೋರಸಮುದ್ರದ ಅರಸರಿಗೆ ಕಡಲಿನ ಮೇಲೆ ಕಣ್ಣಿದ್ದುದಕ್ಕೆ ಬಲವಾದ ಕಾರಣವಿದ್ದಿತು. ಸೈನ್ಯಕ್ಕೆ ಕುದುರೆಗಳು ಬೇಕಾಗಿದ್ದವು. ಒಳ್ಳೆಯ ಕುದುರೆಗಳು ಅರಬಸ್ಥಾನ, ಪಾರಸೀಕಗಳ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದವು. ಅರಸೀಕೆರೆ ಸೀಮೆಯ ಶಾಸನಗಳಲ್ಲಿ ಕಡಲ ದಾರಿಯಿಂದ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಗಳ ವರ್ಣನೆಯಿದೆ. ಮಲೆಯಾಳದಿಂದ ಬಂದು ಹೊಯ್ಸಳ ರಾಜ್ಯದಲ್ಲಿ ನೆಲಸಿದ ವರ್ತಕ ಮನೆತನದ ಸ್ತುತಿಯೂ ಇದೆ. ಸಮುದ್ರದಿಂದ ಅಷ್ಟು ದೂರದ, ಮಳೆ ಕಡಿಮೆಯಾದ ಆ ಮೈದಾನದ ಊರಿನ ಸೆಟ್ಟಿಯು ಹಡಗಿನ ಮಾತನಾಡುತ್ತಾನೆಂದರೆ, ಅವನಿಗೂ ರೇವಿನ ಪರದೇಶಿಗೂ ನಡುವೆ ಕೈಯಿಂದ ಕೈಗೆ ಸಾಗಿದ ವ್ಯವಹಾರದ ಸರಪಳಿಯಿರಲೇಬೇಕು.

ಆ ಸರಪಳಿಯ ಕೆಳತುದಿಯಲ್ಲಿ ಯಾರಿದ್ದರೆಂಬುದನ್ನು ಗೆನಿಜಾ ಪತ್ರಗಳು ತೋರಿಸುತ್ತವೆ. ಮದ್ಮೂನನು ಒಂದು ಪತ್ರದಲ್ಲಿ, ತನ್ನ ಪರವಾಗಿ ಸುಸ್ ಸಿತಿ, ಕಿನಾಬ್ತಿ, ಬನಿಯ ಇಸಹಾಕ್ ಎಂಬವರಿಗೆ ವಂದನೆಗಳನ್ನು ತಿಳಿಸಿ, ಹಡಗಿನ ವ್ಯಾಪಾರದಲ್ಲಿ ಅವರು ಮನಸ್ಸು ಮಾಡಿದರೆ ತಾನೂ ಪಾಲು ಹಿಡಿಯುವೆನೆಂದು ಹೇಳಬೇಕೆಂದು ಬೆನ್ ಯಿಜುವನ್ನು ಕೇಳಿಕೊಂಡಿದ್ದಾನೆ. ಇಲ್ಲಿಯ ‘ಸಿತಿ’ ಎಂಬುದು ಸೆಟ್ಟಿ ಶಬ್ದವೆಂದು ವಿದ್ವಾಂಸರು ಗುರುತಿಸಿರುವುದು ಸಮಂಜಸವಾಗಿದೆ. ಮತ ಬೇರೆಯಾದವರೊಡನೆ, ಸಮುದ್ರದ ಆಚೆಯಿಂದ, ಬರಿಯ ಮಾತಿನ ನಂಬಿಕೆಯ ಮೇಲೆ ಪಾಲುಗಾರಿಕೆಯನ್ನು ಬಯಸುವ ಈ ಕ್ರಮ ಗಮನಾರ್ಹ. ನಂಬಿಕೆ ಕೆಟ್ಟ ಪ್ರಸಂಗವೂ ಉಂಟು. ಕಾರ್ದಾರನೆಂಬ ಒಬ್ಬ ಸ್ಥಳೀಯನು ಏಲಕ್ಕಿಗಾಗಿ ಮುಂಗಡ ಹಣವನ್ನು ಪಡೆದು ಸರಕನ್ನು ಒಪ್ಪಿಸಲಿಲ್ಲ. ಏಡನ್ನಿನವರು, ಅವನನ್ನು ನಾಚುವಂತೆ ಮಾಡು, ಸಾಲ ತೀರಿಸದವನನ್ನು ನಮ್ಮಲ್ಲಿ ಬಹಿರಂಗವಾಗಿ ದೂಷಿಸುವೆವೆಂದು ಹೆದರಿಸು ಎಂಬರ್ಥದಲ್ಲಿ ಬರೆದರು. ರಾಜದಂಡಕ್ಕಿಂತ ವರ್ತಕ ಸಮೂಹದ ನಿಂದೆಯೇ ಅಲ್ಲಿ ಬಲವತ್ತರವಾದ ಆಯುಧವಾಗಿತ್ತು.

ಪರದೇಶದಿಂದ ಬಂದ ಭಿನ್ನಮತದವನಿಗೆ ಇಲ್ಲಿನ ಸಾರ್ವಜನಿಕ ಜೀವನದಲ್ಲಿ ಯಾವ ಸ್ಥಾನವಿತ್ತೆಂಬುದನ್ನು ನಿರ್ಣಯಿಸಲು ಆ ಕಾಲದ ಧರ್ಮಶಾಸ್ತ್ರವನ್ನು ನೋಡುವುದು ಉಚಿತ. ಅದಕ್ಕೆ ದೂರ ಹೋಗಬೇಕಾಗಿಲ್ಲ. ವಿಷ್ಣುವರ್ಧನನ ಸಾರ್ವಭೌಮನಾಗಿದ್ದ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯ ಸಂವಿದ್ವ್ಯತಿಕ್ರಮ ಪ್ರಕರಣದಲ್ಲಿ ಶ್ರೇಣಿ, ನೈಗಮ, ಪಾಷಂಡಿ, ಗಣ ಎಂಬ ಸಮೂಹಗಳ ಕಟ್ಟಳೆಗಳನ್ನು ಅರಸನು ಕಾಪಾಡಬೇಕೆಂದು ವಿಧಿಸಿದೆ. ವೇದದ ಪ್ರಾಮಾಣ್ಯವನ್ನು ಒಪ್ಪದವರೇ ಪಾಷಂಡಿಗಳೆಂದು ವ್ಯಾಖ್ಯಾನಕಾರನು ವಿವರಿಸುತ್ತಾನೆ. ಅವನ ಮನಸ್ಸಿನಲ್ಲಿದ್ದವರು ಜೈನರೂ ಬೌದ್ಧರೂ ಆಗಿದ್ದಾರೆಯೇ ಹೊರತು ಯೆಹೂದ್ಯರಲ್ಲ. ಇಂತಹ ಜನ ಕರಾವಳಿಯಲ್ಲಿ ಇದ್ದಾರೆಂಬುದು ಆತನ ಕಿವಿಗೆ ಬಿದ್ದಿತ್ತೆಂದು ಹೇಳಲು ಆಧಾರವೂ ಇಲ್ಲ. ಆದರೆ ತತ್ತ್ವವು ವ್ಯಾಪಕವಾದುದು: ಸಮೂಹಕ್ಕೆ ತನ್ನದೇ ಆದ ಸಮಯವುಂಟು, ಅದನ್ನು ಮುರಿದವನು ದಂಡಾರ್ಹನು. ವೇದಬಾಹ್ಯನಾದವನಿಗೂ ಅವನ ಧರ್ಮವೇ ಪ್ರಮಾಣವಾಗಬಹುದೆಂಬ ಈ ಅಂಗೀಕಾರವಿದ್ದ ದೇಶದಲ್ಲಿ ಬೆನ್ ಯಿಜುವು ತನ್ನ ಶಾಸ್ತ್ರದಂತೆ ಪತ್ರವನ್ನು ಬರೆದು ವ್ಯವಹಾರ ನಡೆಸಿದುದು ಸಹಜವೇ.

ಸಮೂಹವಾಗಿ ಇವರನ್ನು ಶಿಲಾಲೇಖಗಳು ಬಲ್ಲವೇ ಎಂಬ ಪ್ರಶ್ನೆಗೆ ಒಂದು ಶಬ್ದವು ಉತ್ತರವನ್ನು ಸೂಚಿಸುತ್ತದೆ. ಅದು ‘ಹಂಜಮಾನ’. ಕೊಂಕಣದ ಶಿಲಾಹಾರರ ಮತ್ತು ಗೋವೆಯ ಕದಂಬರ ಹನ್ನೊಂದನೆಯ ಶತಮಾನದ ತಾಮ್ರಶಾಸನಗಳಲ್ಲಿ ಇದು ಅಲ್ಪ ರೂಪಭೇದದಿಂದ ದೊರೆಯುತ್ತದೆ. ಭಟಕಳದ ಬಳಿಯ ಕೈಕಿಣಿಯ ಹದಿನೈದನೆಯ ಶತಮಾನದ ಶಾಸನದಲ್ಲಿಯೂ ಇದೆ. ಮಲೆಯಾಳದಲ್ಲಿ ಇದರ ರೂಪ ‘ಅಂಜುವಣ್ಣಂ’. ಹಿಂದಿನ ಪಂಡಿತರು ಇದನ್ನು ಐದು ವರ್ಣ ಎಂದು ಬಿಡಿಸಿ ಅರ್ಥಮಾಡಿದ್ದರು. ಅಂತಹ ವ್ಯುತ್ಪತ್ತಿ ಕಿವಿಗೆ ಇಂಪಾಗಿದ್ದರೂ ನಿಲ್ಲತಕ್ಕದ್ದಲ್ಲ. ಸಭೆ, ಸಂಘ ಎಂಬ ಅರ್ಥವುಳ್ಳ ಪಾರಸೀ ಭಾಷೆಯ ‘ಅಂಜುಮನ್’ ಶಬ್ದವೇ ಇದರ ಮೂಲ. ಕ್ರಿ. ಶ. ೮೪೯ರ ಕೊಲ್ಲದ ತಾಮ್ರಶಾಸನದಲ್ಲಿ ಅಂಜುವಣ್ಣದ ಉಲ್ಲೇಖವಿದ್ದು, ಸಾಕ್ಷಿಗಳ ರುಜುಗಳು ಅರಬ್ಬಿ, ಪಹ್ಲವಿ, ಹೀಬ್ರೂ ಈ ಮೂರು ಲಿಪಿಗಳಲ್ಲಿವೆ. ಸುಮಾರು ಕ್ರಿ. ಶ. ೧೦೦೦ದಲ್ಲಿ ಭಾಸ್ಕರ ರವಿಯು ಜೋಸೆಫ್ ರಬ್ಬಾನನೆಂಬ ಯೆಹೂದ್ಯನಿಗೆ ಅಂಜುವಣ್ಣದ ಪದವಿಯನ್ನೂ ಎಪ್ಪತ್ತೆರಡು ಹಕ್ಕುಗಳನ್ನೂ ದಯಪಾಲಿಸಿದ ತಾಮ್ರಪಟಗಳು ಕೊಚ್ಚಿಯ ಯೆಹೂದ್ಯರಲ್ಲಿ ರಕ್ಷಿತವಾದವು. ಆದುದರಿಂದ ಹಂಜಮಾನವೆಂದರೆ ಪಶ್ಚಿಮದಿಂದ ಹಡಗಿನಲ್ಲಿ ಬಂದ ವರ್ತಕರ ಸಂಘ. ಅದರಲ್ಲಿ ಮುಸಲ್ಮಾನರೂ, ಯೆಹೂದ್ಯರೂ, ಕ್ರೈಸ್ತರೂ, ಪಾರಸಿಗಳೂ ಇರಬಹುದಾಗಿತ್ತು. ಕೈಕಿಣಿಯ ಶಾಸನದ ಕಾಲಕ್ಕೆ ಅದರಲ್ಲಿ ಪ್ರಧಾನರಾದವರು ಮುಸಲ್ಮಾನರು. ಶಿಲ್ಪಿಗೆ ಇವರೆಲ್ಲರೂ ಒಂದೇ ಹೆಸರಿನವರು. ಒಳಗಿನ ಭೇದವು ಅವನಿಗೆ ಬೇಕಾಗಿರಲಿಲ್ಲ.

ಒಳಗಿನ ಭೇದವೇ ಸರ್ವಸ್ವವಾಗಿದ್ದುದು ಆ ವರ್ತಕರಿಗೆ. ಬೆನ್ ಯಿಜುವಿನ ಮಂಗಳೂರಿನ ಜೀವನದಲ್ಲಿ ತಾರೀಖಿನೊಡನೆ ದೊರೆಯುವ ಅತಿಮುಖ್ಯವಾದ ಘಟನೆ ೧೧೩೨ನೆಯ ಇಸವಿ ಅಕ್ಟೋಬರ್ ೧೭ರಂದು ನಡೆಯಿತು. ಅದು ಶಕವರ್ಷ ೧೦೫೪, ಪರಿಧಾವಿ ಸಂವತ್ಸರ. ಶಾಂತಲದೇವಿಯು ಶಿವಗಂಗೆಯಲ್ಲಿ ದೇಹಬಿಟ್ಟ ಮರುವರ್ಷ, ದೋರಸಮುದ್ರದ ಪಾರ್ಶ್ವನಾಥ ಬಸದಿಯ ಪ್ರತಿಷ್ಠೆಯ ಹಿಂದಿನ ವರ್ಷ. ಆ ದಿನ ಬೆನ್ ಯಿಜುವು ಅಶು ಎಂಬ ದಾಸಿಯನ್ನು ಪತ್ರಮುಖೇನ ದಾಸ್ಯದಿಂದ ಬಿಡುಗಡೆ ಮಾಡಿದನು. ಪತ್ರದಲ್ಲಿ ಅವಳಿಗೆ ಬೆರಾಖಾ, ಎಂದರೆ ಆಶೀರ್ವಾದ, ಎಂದು ಹೊಸ ಹೆಸರನ್ನಿಟ್ಟಿದೆ. ಬಾಗ್ದಾದಿನಲ್ಲಿದ್ದ, ದೇಶಭ್ರಷ್ಟ ಯೆಹೂದ್ಯರೆಲ್ಲರಿಗೂ ಅಧಿಪತಿಯೆನಿಸಿಕೊಂಡಿದ್ದ ದಾನಿಯೇಲನ ಅಧಿಕಾರವನ್ನು ಅದರಲ್ಲಿ ಸ್ಮರಿಸಿದೆ. ಆಳುಪರ ರೇವಿನಲ್ಲಿ ಕುಳಿತು ಬಾಗ್ದಾದಿನ ಧರ್ಮಾಧಿಪತಿಯ ಹೆಸರಿನಲ್ಲಿ ಬರೆದ ಪತ್ರವಿದು. ಬೆನ್ ಯಿಜುವಿನ ಒಂದು ಲೆಕ್ಕದ ಚೀಟಿಯಲ್ಲಿ ನಾಯರನೆಂಬ ಬಾಂಧವನಿಗೆ ಕೊಡಬೇಕಾದ ಹಣದ ಉಲ್ಲೇಖವಿರುವುದರಿಂದ ಅಶುವು ನಾಯರರ ಕುಲದವಳೆಂದೂ, ಬಿಡುಗಡೆಯಾದ ಮೇಲೆ ಅವನ ಮಕ್ಕಳಿಗೆ ತಾಯಿಯಾದವಳು ಅವಳೇ ಎಂದೂ ಗೊಯ್ಟೈನ್ ಮೊದಲಾದವರು ಊಹಿಸಿದ್ದಾರೆ. ಊಹೆಯಾದರೂ ಬಲವಾದ ಊಹೆ.

ದಾಸ್ಯವಿಮೋಚನೆಗೆ ಇಲ್ಲಿನ ಶಾಸ್ತ್ರವೂ ವಿಧಿಯನ್ನು ಹೇಳದೆ ಬಿಟ್ಟಿಲ್ಲ. ನಾರದನು ಹದಿನೈದು ಬಗೆಯ ದಾಸರನ್ನು ಎಣಿಸಿ, ಬಿಡುಗಡೆ ಮಾಡುವ ಕ್ರಮವನ್ನು ವರ್ಣಿಸುತ್ತಾನೆ. ಮಿತಾಕ್ಷರಾಕಾರನು ಅದನ್ನು ಉದಾಹರಿಸುತ್ತಾನೆ. ಒಡೆಯನು ದಾಸನ ಹೆಗಲಿನಿಂದ ನೀರಿನ ಕೊಡವನ್ನು ತೆಗೆದು ಒಡೆಯಬೇಕು. ಅಕ್ಷತೆ ಪುಷ್ಪಗಳು ಕೂಡಿದ ನೀರನ್ನು ತಲೆಯ ಮೇಲೆ ಪ್ರೋಕ್ಷಿಸಬೇಕು. ಇವನು ದಾಸನಲ್ಲವೆಂದು ಮೂರು ಸಲ ಹೇಳಿ ಪೂರ್ವಾಭಿಮುಖವಾಗಿ ಕಳುಹಿಸಬೇಕು. ಒಡೆಯನಿಂದ ಸಂತಾನವನ್ನು ಪಡೆದ ದಾಸಿಯು ಮಕ್ಕಳೊಡನೆ ಅದಾಸಿಯಾಗತಕ್ಕವಳೆಂದು ಕಾತ್ಯಾಯನನ ಮತ. ಎಂದರೆ ಇಲ್ಲಿ ಕ್ರಿಯೆಯೂ ಜನನವೂ ಪ್ರಮಾಣ. ಯೆಹೂದ್ಯರ ಶಾಸ್ತ್ರವು ಬೇರೆ ಜಾಡಿನದು. ಅದರಲ್ಲಿ ಬಿಡುಗಡೆಯ ಲಿಖಿತಪತ್ರವಿಲ್ಲದೆ ದಾಸಿಯೊಡನೆ ವಿವಾಹ ಸಿದ್ಧಿಸುವುದಿಲ್ಲ. ದಾಸಿಯಲ್ಲಿ ಹುಟ್ಟಿದ ಶಿಶುವು ತಾಯಿಯ ಸ್ಥಿತಿಯನ್ನೇ ಹೊಂದುತ್ತದೆ; ತಂದೆ ಯೆಹೂದ್ಯನಾಗಿದ್ದರೂ ಶಿಶುವು ಯೆಹೂದ್ಯನೆನಿಸದು. ಬಿಡುಗಡೆಯಾದವಳು ಪೂರ್ಣವಾಗಿ ಆ ಸಮಾಜಕ್ಕೆ ಸೇರುತ್ತಾಳೆ, ಅನಂತರ ಹುಟ್ಟಿದ ಮಕ್ಕಳಿಗೆ ಕುಂದಿಲ್ಲ. ಹೀಗೆ ಹುಟ್ಟಲಿರುವ ಮಕ್ಕಳು ಯಾರೆಂಬುದು ಒಂದು ಕಾಗದವನ್ನೂ ಅದರ ಮೇಲಿನ ತಾರೀಖನ್ನೂ ಅವಲಂಬಿಸಿತ್ತು. ಕಾಗದ ದುರ್ಲಭವಾದ ದೇಶದಲ್ಲಿ ಆ ಪತ್ರವನ್ನು ಬರೆಯಿಸಿ, ಜೋಪಾನವಾಗಿಟ್ಟು, ಹದಿನೇಳು ವರ್ಷಗಳ ಮೇಲೆ ಸಮುದ್ರದಾಚೆಗೆ ಕೊಂಡೊಯ್ದವನ ಮನಸ್ಸು ಇದರಿಂದ ಅರ್ಥವಾಗುತ್ತದೆ.

ಆ ಮನೆಯಲ್ಲಿ ಇನ್ನೊಬ್ಬನಿದ್ದನು. ಏಡನ್ನಿನಿಂದ ಖಲಫನು ೧೧೪೮ರಲ್ಲಿ ಬರೆದ ಪತ್ರವೊಂದು ಜೆರೂಸಲೇಮಿನ ಗ್ರಂಥಾಲಯದಲ್ಲಿ ಎಚ್. ೬ ಎಂಬ ಗುರುತಿನಲ್ಲಿದ್ದು, ೧೯೪೨ರಲ್ಲಿ ಅಲ್ಲಿನ ಹೀಬ್ರೂ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿಯೂ ಅದಕ್ಕೆ ಹಿಂದಿನ ೧೧೩೯ರ ಪತ್ರದಲ್ಲಿಯೂ ಬೆನ್ ಯಿಜುವಿನ ದಾಸನೊಬ್ಬನ ಕುಶಲವನ್ನು ವಿಶೇಷವಾಗಿ ಕೇಳಿದೆ. ಹೀಬ್ರೂ ಬರಹದಲ್ಲಿ ಸ್ವರಗಳು ಕಾಣಿಸವು, ದ್ವಿತ್ವವೂ ಕಾಣಿಸದು; ಅವನ ಹೆಸರಿಗೆ ಇರುವುದು ಬ, ಮ, ಹ ಎಂಬ ಮೂರೇ ವ್ಯಂಜನಗಳು. ಗೊಯ್ಟೈನ್ ಇದನ್ನು ‘ಬಾಮ’ ಎಂದು ಓದಿ, ಬ್ರಹ್ಮ ಶಬ್ದದ ರೂಪಾಂತರವಿರಬೇಕೆಂದು ಎ. ಎಲ್. ಬ್ಯಾಷಮರ ಅಭಿಪ್ರಾಯವನ್ನು ಉದ್ಧರಿಸಿದರು. ಅನಂತರ ಅಮಿತಾವ್ ಘೋಷ್ ಅವರು ಈ ದಾಸನ ಜಾಡನ್ನು ಹಿಡಿದು ಮಂಗಳೂರಿಗೆ ಬಂದಾಗ, ಅಲ್ಲಿನ ವಿಶ್ವವಿದ್ಯಾನಿಲಯದ ಬಿ. ಎ. ವಿವೇಕ ರೈಯವರ ನೆರವಿನಿಂದ ಅದು ತುಳುನಾಡಿನ ‘ಬೊಮ್ಮ’ ಎಂಬುದು ನಿಶ್ಚಯವಾಯಿತು. ಘೋಷರ ಗ್ರಂಥ ೧೯೯೨ರಲ್ಲಿ ಪ್ರಕಟವಾಯಿತು.

ಕನ್ನಡ ಬಲ್ಲವರಿಗೆ ಈ ಪಾಠದಲ್ಲಿ ಸಂದೇಹಕ್ಕೆಡೆಯಿಲ್ಲ. ಬ್ರಹ್ಮ ಶಬ್ದವು ಬೊಮ್ಮವಾಗುವುದು ನಮ್ಮ ವೈಯಾಕರಣರು ಹೇಳುವ ತದ್ಭವ ಪ್ರಕ್ರಿಯೆಗೆ ಅನುಗುಣವಾದುದು. ಹೊಯ್ಸಳ ಶಾಸನಗಳಲ್ಲಿ ಬೊಮ್ಮ, ಬೊಮ್ಮಯ್ಯ, ಬೊಮ್ಮಣ್ಣ ಎಂಬ ಹೆಸರುಗಳು ಹೆಜ್ಜೆಹೆಜ್ಜೆಗೂ ಸಿಕ್ಕುತ್ತವೆ. ಕೈರೋವಿನ ಕಸದ ಕೋಣೆಯಲ್ಲಿ ಬಿದ್ದಿದ್ದ ಈ ಹೆಸರನ್ನು ಬಿಡಿಸಲು ಬೇಕಾದ ಕೀಲಿಕೈ ಕರ್ಣಾಟಕದಲ್ಲಿತ್ತು. ಈ ಬೊಮ್ಮನು ಮನೆಯ ಊಳಿಗದವನು ಮಾತ್ರವಲ್ಲ. ಒಡೆಯನ ಪರವಾಗಿ ಸರಕು ಸಮೇತ ಏಡನ್ನಿಗೆ ಪ್ರಯಾಣ ಮಾಡಿದ ಕಾರ್ಯಕರ್ತ. ಸುಮಾರು ೧೧೩೫ರಲ್ಲಿ ಅಲ್ಲಿ ಮದ್ಯಪಾನ ಮಾಡಿ, ಮದ್ಮೂನನನ್ನು ಕಾಡಿ ಹೆಚ್ಚಿನ ಹಣವನ್ನು ಪಡೆದನೆಂದು ಅವನ ಮೇಲೆ ದೂರು ಬಂದಿತು. ಆದರೂ ಬೆನ್ ಯಿಜುವು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಏಡನ್ನಿನ ಗಣ್ಯರು ಮುಂದೆಯೂ ಅವನಿಗೆ ನಮಸ್ಕಾರ ತಿಳಿಸುತ್ತ ಬಂದರು.

ಮಂಗಳೂರಿನಲ್ಲಿರುವವರೆಗೆ ಬೆನ್ ಯಿಜುವಿಗೆ ತಾನು ಯಾರೆಂಬ ಪ್ರಶ್ನೆಯು ತೊಡಕಾಗಿದ್ದಂತೆ ತೋರುವುದಿಲ್ಲ. ತೊಡಕು ಎದುರಾದುದು ತನ್ನವರ ನಡುವೆ. ೧೧೪೮ರಲ್ಲಿ ಸಿಸಿಲಿಯ ಅರಸ ರೋಜರನು ಮಹ್ದಿಯಾವನ್ನು ಹಿಡಿದನು. ಬೆನ್ ಯಿಜುವಿನ ಬಂಧುಗಳು ದಿಕ್ಕುಪಾಲಾದರು. ೧೧೪೯ರಲ್ಲಿ ಅವನು ಮಕ್ಕಳೊಡನೆ ಏಡನ್ನಿಗೆ ಮರಳಿ, ಸೆಪ್ಟಂಬರಿನಲ್ಲಿ ತಮ್ಮ ಯೂಸುಫನಿಗೆ ಪತ್ರ ಬರೆದು, ತನ್ನಲ್ಲಿ ಎಲ್ಲರಿಗೂ ಆಗುವಷ್ಟು ಇದೆ, ಬನ್ನಿರಿ ಎಂದು ಕರೆದನು. ತನ್ನ ಮಗಳನ್ನು ಸೋದರರ ಅಥವಾ ಸೋದರಿಯ ಮಗನಿಗೆ ಕೊಡುವ ಇಚ್ಛೆಯನ್ನು ತಿಳಿಸಿದನು. ಆ ಮೇಲೆ ಬಂದ ಮುಬಶ್ಶಿರನೆಂಬ ಇನ್ನೊಬ್ಬ ಸೋದರನು ಅವನ ಹಣವನ್ನು ಅಪಹರಿಸಿದನು. ಹಿರಿಯ ಮಗನು ಯೆಮನ್ ದೇಶದಲ್ಲಿ ಮೃತನಾದನು. ಉಳಿದವಳು ಮಗಳು ಸಿತ್ತ್ ಅಲ್‌ದಾರ್ ಒಬ್ಬಳೇ.

ಬಿಡುಗಡೆಯಾದ ದಾಸಿಯ ವಿವಾಹ ಮತ್ತು ಸಂತಾನದ ವಿಷಯವಾದ ಶಾಸ್ತ್ರೀಯ ಪ್ರಶ್ನೋತ್ತರಗಳ ಬರಹ ಬೆನ್ ಯಿಜುವಿನ ಕಾಗದಗಳಲ್ಲಿ ದೊರೆತಿದೆ. ಅದು ಅವನ ಸ್ವಂತ ಸಂಕಟಕ್ಕೇ ಸಂಬಂಧಿಸಿದುದೆಂದು ಫ್ರೀಡ್‌ಮನ್ ಅಭಿಪ್ರಾಯಪಡುತ್ತಾರೆ. ಈ ಅಭಿಪ್ರಾಯ ಯುಕ್ತವೆನಿಸುತ್ತದೆ. ಧರ್ಮಶಾಸ್ತ್ರದಲ್ಲಿ ಪರಿಶ್ರಮವುಳ್ಳ, ಕವಿತೆ ಕಟ್ಟಬಲ್ಲ, ಸುಂದರಾಕ್ಷರದ ಲಿಪಿಕಾರನಾದ ಆ ವರ್ತಕನು ಯಾರೋ ಅನ್ಯರ ವ್ಯಾಜ್ಯಕ್ಕಾಗಿ ಅಷ್ಟು ಶ್ರಮವಹಿಸಿದನೆನ್ನುವುದಕ್ಕಿಂತ, ತನ್ನ ಮಕ್ಕಳ ಕುಲದ ಬಗ್ಗೆ ಎದ್ದ ಗೊಣಗಾಟಕ್ಕೆ ಉತ್ತರವನ್ನು ಹುಡುಕುತ್ತಿದ್ದನೆನ್ನುವುದೇ ಸ್ವಾಭಾವಿಕ. ಏಡನ್ನಿನ ಶ್ರೀಮಂತ ಮನೆತನದವನಾದ ಖಲಫ್ ಬೆನ್ ಬುಂದಾರನು ತನ್ನ ಮಗನಿಗೆ ಆ ಕನ್ಯೆಯನ್ನು ಕೇಳಿದನು. ಅವಳು ಮೂರು ವರ್ಷ ಆ ಮನೆಯಲ್ಲಿಯೇ ಬೆಳೆದಿದ್ದಳು. ತಂದೆಯು ಒಪ್ಪಲಿಲ್ಲ. ಪರರಿಗಿಂತ ತಮ್ಮನ ಮಗನಿಗೇ ಹಕ್ಕು ಹೆಚ್ಚು ಎಂದು ಹಟಹಿಡಿದು, ತಾನು ಎಂದೂ ಕಂಡಿರದ ಯುವಕನನ್ನೇ ಆರಿಸಿದನು. ಹೊರಗಿನ ಸಂಪತ್ತಿಗಿಂತ ತಮ್ಮನ ಮಗನೊಡನೆ ಬರುವ ಕುಲಸಮ್ಮತಿಯನ್ನು ಅವನು ಬಯಸಿದನೆಂದು ತೋರುತ್ತದೆ. ೧೧೫೬ರಲ್ಲಿ ಫುಸ್ತಾತಿನಲ್ಲಿ ಸಿತ್ತ್ ಅಲ್‌ದಾರಳಿಗೂ ಯೂಸುಫನ ಮಗ ಸುರೂರನಿಗೂ ವಿವಾಹವಾಯಿತು. ಅವಳಿಗೆ ಕೊಟ್ಟ ಬಳುವಳಿಯ ಪಟ್ಟಿಯೂ ಗೆನಿಜಾದಲ್ಲಿ ಉಳಿದಿದೆ. ಅಶುವಿನ ಹೆಸರು ಈ ಕಡೆಯ ಕಾಗದಗಳಲ್ಲಿ ಕಾಣಬರುವುದಿಲ್ಲ. ಅವಳು ಸಮುದ್ರವನ್ನು ದಾಟಲಿಲ್ಲವೆಂದೇ ಬಹುಮಂದಿಯ ಅಭಿಪ್ರಾಯ.

ಬೆನ್ ಯಿಜುವಿನ ಅನಂತರ ಮೈಸೂರು ಸೀಮೆಯಲ್ಲಿ ಯೆಹೂದ್ಯನ ಹೆಸರು ಮತ್ತೆ ಕೇಳಿಬರುವುದು ಎರಡನೆಯ ಮೈಸೂರು ಯುದ್ಧದ (೧೭೮೦-೮೪) ಸಂದರ್ಭದಲ್ಲಿ. ಕೊಂಕಣದ ಬೆನೆ ಇಸ್ರಾಯೇಲರಲ್ಲಿ ಹುಟ್ಟಿ ಇಂಗ್ಲೀಷರ ಸೈನ್ಯದಲ್ಲಿದ್ದ ಸಾಮ್ಯುಯೆಲ್ ಎಜಕಿಯೇಲ್ ದಿವೇಕರನು ಟಿಪ್ಪುವಿನ ಸೆರೆಗೆ ಸಿಕ್ಕಿದನು. ನೀವು ಯಾರೆಂದು ಕೇಳಿದಾಗ ಬೆನೆ ಇಸ್ರಾಯೇಲರೆಂದು ಉತ್ತರವಿತ್ತುದರಿಂದ, ಕುರಾನಿನಲ್ಲಿ ಆ ಹೆಸರನ್ನು ಬಲ್ಲ ಸುಲ್ತಾನನ ತಾಯಿಯು ಮರುಗಿ ಪ್ರಾಣದಾನ ಮಾಡಿಸಿದಳೆಂದು ಆ ಜನರ ಐತಿಹ್ಯ. ಐತಿಹ್ಯವನ್ನು ಇತಿಹಾಸವಾಗಿ ಎಣಿಸಲಾಗದು. ಆದರೆ ಬಿಡುಗಡೆ ಹೊಂದಿದ ಅವನು ೧೭೯೬ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ ಪ್ರಾರ್ಥನಾ ಮಂದಿರವು ಕರುಣೆಯ ದ್ವಾರವೆಂಬ ಅರ್ಥವುಳ್ಳ ಹೆಸರಿನಿಂದ ಪ್ರಸಿದ್ಧವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ಹೊರದೂಡಲ್ಪಟ್ಟ ಆಟೊ ಕೋನಿಗ್ಸ್‌ಬರ್ಗರ್ ಎಂಬ ಯೆಹೂದ್ಯ ವಾಸ್ತುಶಿಲ್ಪಿಯು ೧೯೩೯ರಿಂದ ೧೯೪೮ರವರೆಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದನು. ಬೆಂಗಳೂರಿನಲ್ಲಿ ಅವನು ಮಾಡಿದ ಕಟ್ಟಡಗಳುಂಟು. ಅವನ ಕುಲವೇನೆಂಬುದು ಅಲ್ಲಿ ಯಾರ ಚರ್ಚೆಗೂ ವಿಷಯವಾದಂತಿಲ್ಲ.

ಬೆಂಗಳೂರಿನಲ್ಲಿ ನೆಲಸಿದ ಸ್ವಲ್ಪಮಂದಿ ಯೆಹೂದ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ೧೯೦೪ರಲ್ಲಿ ಸ್ಮಶಾನಕ್ಕಾಗಿ ಭೂಮಿಯನ್ನು ದಯಪಾಲಿಸಿದರು. ಅದು ಮೈಸೂರು ರಸ್ತೆಯಲ್ಲಿ ಗೋರಿಪಾಳ್ಯದ ಬಳಿ ಇದೆ. ಹೊಯ್ಸಳ ಶಾಸನಗಳಲ್ಲಿ ಎಲ್ಲಿಯೂ ಕಾಣದ ಅಕ್ಷರಗಳು ಅಲ್ಲಿನ ಕಲ್ಲುಗಳ ಮೇಲೆ ಕೆತ್ತಲ್ಪಟ್ಟಿವೆ: ಸತ್ತವರ ಹೆಸರುಗಳು, ಹೀಬ್ರೂ ಲಿಪಿಯಲ್ಲಿ.